ಮಾಣಿ ಹಡಗು ಹತ್ತಿದ

ಮೇ ತಿಂಗಳ ಮದುವೆಯೆಂದರೆ ಬಸ್ರೂರಿನ ಕಡೆ ಎರಡು ವಿಷಯ ಖಾತ್ರಿ. ಒಂದು ಸೆಖೆ, ಇನ್ನೊಂದು ಬಡಿಸಲು ಜನ ಸಾಲದಿರುವುದು. ಅಡುಗೆಯವರ ಜತೆ ಬಡಿಸುವ ಹುಡುಗರು ಬಂದಿದ್ದರೂ ಮೊದಲ ಹಂತಿಗೆ ಮನೆಯವರೇ ಪಂಚೆ ಎತ್ತಿ ಕಟ್ಟಿ ಇಳಿಯಬೇಕು. ಇಲ್ಲದಿದ್ದರೆ ನೆಂಟರಿಗೆ ಸಮಾಧಾನವಿಲ್ಲ. ಅಂಥ ಒಂದು ಮದುವೆಯಲ್ಲಿ ಸಾರಿನ ಬಕೆಟ್ ಹಿಡಿದ ಹುಡುಗನೊಬ್ಬ ಕಣ್ಣಿಗೆ ಬಿದ್ದ. ನೆಲಕ್ಕೆ ಒಂದು ಹನಿ ಬೀಳಿಸುತ್ತಿರಲಿಲ್ಲ. ಪ್ರತಿಯೊಬ್ಬರ ಮುಖ ನೋಡಿ, ಅರೆಗಳಿಗೆ ನಿಂತು, ಮುಂದಿನ ಎಲೆಗೆ ಹೋಗುತ್ತಿದ್ದ. ಪಾಯಸಕ್ಕೆ ಕೈ ಅಡ್ಡ ಹಿಡಿದ ಅಜ್ಜನಿಗೆ ಸಕ್ಕರೆ ಕಾಯಿಲೆಯೆಂದು ತಾನೇ ಊಹಿಸಿ, ಹೋಳಿಗೆ ತಂದಾಗ ಯಾರೂ ಹೇಳದೆ ಆ ಎಲೆಯನ್ನು ದಾಟಿ ಹೋದ. ಊಟಕ್ಕೆ ಕೂತ ಹೆಂಗಸೊಬ್ಬರು ಕೇಳಿಯೇಬಿಟ್ಟರು:

"ಹಡಗಂಗೆ ಎಂತ ಕೆಲ್ಸ ಮಾಡುದ್ ಮಾಣಿ?"

"ಮಾಣಿ ಕೆಲ್ಸವೇ, ಚಿಕ್ಕಮ್ಮ."

ಹಂತಿಯಿಡೀ ನಕ್ಕಿತು. ಕುಂದಾಪ್ರ ಕನ್ನಡ ಬಾರದವರಿಗಾಗಿ ಒಂದು ಮಾತು: ನಮ್ಮಲ್ಲಿ ಮಾಣಿ ಎಂದರೆ ಹುಡುಗ, ಮನೆಯ ಮಗ. ಅದೇ ಮಾಣಿ ಘಟ್ಟ ಹತ್ತಿದ ಮೇಲೆ ಹೋಟೆಲಿನಲ್ಲಿ ತಿಂಡಿ ತಂದಿಡುವವನಾಗುತ್ತಾನೆ. ಒಂದು ಸೀಮೆಯ ಮಕ್ಕಳು ಮನೆಮನೆಯಿಂದ ಒಂದೇ ಕೆಲಸಕ್ಕೆ ಹೊರಟರೆ, ಆ ಮಕ್ಕಳನ್ನು ಕರೆಯುವ ಹೆಸರೇ ಕೆಲಸದ ಹೆಸರಾಗಿಬಿಡುತ್ತದೆ. ಈ ಹುಡುಗನ ಕಾಗದದಲ್ಲಿ ಬರೆದಿರುವುದು 'ಅಸಿಸ್ಟೆಂಟ್ ವೇಟರ್'. ಮಯಾಮಿಯಿಂದ ಹೊರಟು ಕೆರಿಬಿಯನ್ ದ್ವೀಪಗಳನ್ನು ಸುತ್ತಿ ಮತ್ತೆ ಮಯಾಮಿಗೇ ಬರುವ ಪ್ರವಾಸಿ ಹಡಗಿನಲ್ಲಿ ಎರಡು ಕಾಂಟ್ರಾಕ್ಟ್ ಮುಗಿಸಿದ್ದಾನೆ, ಮೂರನೆಯದಕ್ಕೆ ಹೊರಟಿದ್ದಾನೆ. ಊಟವಾದ ಮೇಲೆ ಚಪ್ಪರದ ಮೂಲೆಯಲ್ಲಿ ಅವನ ಸುತ್ತ ನಾಲ್ಕಾರು ಹುಡುಗರು ನೆರೆದರು. ಪಿಯುಸಿ ಮುಗಿಸಿದವರು, ಡಿಗ್ರಿಯ ಕೊನೇ ವರ್ಷದವರು. ಎಲ್ಲರದೂ ಒಂದೇ ಪ್ರಶ್ನೆ: ಹೇಗೆ ಹೋಗುವುದು, ಎಷ್ಟು ಖರ್ಚು?

ಬಸ್ರೂರಿನಲ್ಲಿ ಈ ಪ್ರಶ್ನೆ ಕೇಳಿದಾಗ ನನಗೆ ತುಸು ವಿಚಿತ್ರವೆನಿಸಿತು. ಒಂದು ಕಾಲಕ್ಕೆ ಹಡಗುಗಳೇ ಈ ಊರನ್ನು ಹುಡುಕಿಕೊಂಡು ಬರುತ್ತಿದ್ದವು. ಹದಿನಾಲ್ಕನೇ ಶತಮಾನದಲ್ಲಿ ಈ ಕರಾವಳಿಯಲ್ಲಿ ಸಾಗಿದ ಇಬ್ನ್ ಬತೂತ ತೆಂಗಿನ ಮರಗಳ ನಡುವಿನ 'ಅಬೂ ಸರೂರ್' ಎಂದು ಬರೆದದ್ದು ಈ ಊರನ್ನೇ. ಪೋರ್ಚುಗೀಸರ ಬಾಯಲ್ಲಿ ಅದು ಬಾರ್ಸೆಲೋರ್ ಆಯಿತು. ಅವರ ಗೋವೆಗೂ, ದೂರದ ಹೊರ್ಮುಜ್, ಮಸ್ಕತ್‌ಗಳಿಗೂ ಇಲ್ಲಿಂದ ಅಕ್ಕಿ ಹೋಗುತ್ತಿತ್ತು. 1665ರ ಫೆಬ್ರುವರಿಯಲ್ಲಿ ಶಿವಾಜಿ ಮಾಲ್ವಣದಿಂದ ಹಡಗುಗಳ ದಂಡು ಕಟ್ಟಿಕೊಂಡು ಬಂದು ಈ ಪೇಟೆಯನ್ನು ದೋಚಿದ. ದೋಚುವಷ್ಟು ಇತ್ತು ಎಂದಾಯಿತು. ಶಾಸನಗಳಲ್ಲಿ ಮೂಡುಕೇರಿ, ಪಡುವಕೇರಿಗಳ 'ಹಲರು' ಬರುತ್ತಾರೆ. ಕೇರಿಯ ವ್ಯಾಪಾರಿಗಳ ಕೂಟ ಅದು. ಹೊಳೆಯಲ್ಲಿ ಹೂಳು ತುಂಬಿತು, ಪೇಟೆ ಕುಂದಾಪುರಕ್ಕೆ ಸರಿಯಿತು. ಈಗ ವಾರಾಹಿಯ ದಡದಲ್ಲಿ ನಿಂತರೆ ಎದುರಿಗೆ ಕಾಣುವುದು ಹಟ್ಟಿಕುದ್ರುವಿನ ತೆಂಗು. ನೀರಿನ ಮೇಲೆ ಅಪರೂಪಕ್ಕೊಂದು ದೋಣಿ.

ಪೇಟೆ ಬಿದ್ದ ಮೇಲೆ ಜನ ಹೊರಟರು. ಈ ಸೀಮೆಯ ಹೋಟೆಲು ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಸಾಲಿಗ್ರಾಮದ ಪಕ್ಕದ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನ ಲಾಲ್‌ಬಾಗ್ ಬಳಿ ಶುರು ಮಾಡಿದ್ದು ಮುಂದೆ ಎಂಟಿಆರ್ ಆಯಿತು. ಮುಂಬಯಿಯಲ್ಲಿ ಕರಾವಳಿಯ ಹುಡುಗರು ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋದರು. ಕೋಟದ ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ ಓದಿದ ರಾಮ ಕೆಲಸಕ್ಕಾಗಿ ಮುಂಬಯಿಯಲ್ಲಿ ಅಲೆಯುತ್ತಾನಲ್ಲ, ಆ ಅಲೆದಾಟ ಇಲ್ಲಿನ ಯಾವ ಮನೆಗೂ ಹೊಸದಲ್ಲ.

ಆ ಕಾಲದ ಒಂದು ಏರ್ಪಾಡನ್ನು ಮಾತ್ರ ಇಲ್ಲಿ ನೆನೆಯಬೇಕು. ಹೋಟೆಲಿಗೆ ಹೊರಟ ಮಾಣಿಗೆ ಸಂದರ್ಶನವಿರಲಿಲ್ಲ, ಅರ್ಜಿಯಿರಲಿಲ್ಲ. ರಜೆಗೆ ಬಂದ ಭಾವನೋ ದೊಡ್ಡಪ್ಪನ ಮಗನೋ ವಾಪಸು ಹೋಗುವಾಗ ಜತೆಗೆ ಕರೆದೊಯ್ಯುತ್ತಿದ್ದ. ಮಾಣಿ ಗಲ್ಲಾಪೆಟ್ಟಿಗೆಗೆ ಕೈ ಹಾಕಿದರೆ ಭಾವನ ಮಾನ ಹೋಗುತ್ತಿತ್ತು. ಯಜಮಾನರು ಸಂಬಳ ಕೊಡದಿದ್ದರೆ ಜಾತ್ರೆಗೆ ಊರಿಗೆ ಬಂದಾಗ ಅವರ ಮಾನ ಹೋಗುತ್ತಿತ್ತು. ಆ ಕಾಲ ಚಿನ್ನದ್ದೆಂದು ನಾನು ಹೇಳುತ್ತಿಲ್ಲ. ಹತ್ತು ವರ್ಷದ ಮಕ್ಕಳು ಒಲೆಯ ಮುಂದೆ ಬೆವರಿ, ರಾತ್ರಿ ಬೆಂಚಿನ ಮೇಲೆ ಮಲಗಿದ ಕಾಲ ಅದು. ಆದರೆ ಕೆಲಸ ಕೊಡಿಸಿದ್ದಕ್ಕೆ ಭಾವ ದುಡ್ಡು ಕೇಳುತ್ತಿರಲಿಲ್ಲ.

ಹಡಗಿನ ದಾರಿಯಲ್ಲಿ ಭಾವ ಇಲ್ಲ. ಅವನ ಜಾಗದಲ್ಲಿ ಏಜೆಂಟ್ ಕೂತಿದ್ದಾನೆ. ನಮ್ಮ ಹುಡುಗರು ಕಳೆದುಕೊಳ್ಳುವುದು ಬಹುಪಾಲು ಅಲ್ಲಿಯೇ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನೀರಿನ ಮೇಲಿನ ಕೆಲಸವನ್ನೆಲ್ಲ 'ಮರ್ಚೆಂಟ್ ನೇವಿ' ಎಂದು ಒಂದೇ ಚೀಲಕ್ಕೆ ತುಂಬುವುದು ನಮ್ಮಲ್ಲಿ ರೂಢಿ. ಸರಕು ಹಡಗಿನ ಡೆಕ್ಕಿನಲ್ಲಿ, ಎಂಜಿನ್ನಿನಲ್ಲಿ ಕೆಳಹಂತದಿಂದ ಸೇರಲು ಹತ್ತನೇ ತರಗತಿಯ ಮೇಲೆ ಆರು ತಿಂಗಳ ಜಿ.ಪಿ. ರೇಟಿಂಗ್ ತರಬೇತಿ ಇದೆ. ಸರಕು ಹಡಗಿನ ಅಡುಗೆಮನೆಗೂ ಅಷ್ಟೇ ಅವಧಿಯ ಮೆರಿಟೈಮ್ ಕೇಟರಿಂಗ್ ಕೋರ್ಸ್ ಇದೆ. ಪ್ರವಾಸಿ ಹಡಗು, ಅಂದರೆ ಕ್ರೂಸ್, ಬೇರೆಯದೇ ಲೋಕ. ಅದರಲ್ಲಿ ಕ್ಯಾಪ್ಟನ್ನು, ಎಂಜಿನಿಯರುಗಳು ಬೆರಳೆಣಿಕೆ. ಉಳಿದವರಲ್ಲಿ ಬಹುಪಾಲು ತೇಲುವ ಹೋಟೆಲಿನ ನೌಕರರು. 2024ರಲ್ಲಿ ಯಾನ ಶುರುಮಾಡಿದ 'ಐಕಾನ್ ಆಫ್ ದಿ ಸೀಸ್'ನಲ್ಲಿ ಸಿಬ್ಬಂದಿಯೇ 2,350 ಮಂದಿ. ಅವರಲ್ಲಿ ಪಾತ್ರೆ ತೊಳೆಯುವವರಿದ್ದಾರೆ, ಬ್ರೆಡ್ ಸುಡುವವರಿದ್ದಾರೆ, ಹಾಸಿಗೆ ಬದಲಿಸುವವರು, ಬಾರಿನವರು, ಫೋಟೊ ತೆಗೆಯುವವರು, ನರ್ಸ್, ಐಟಿ ಆಫೀಸರ್, ಮಕ್ಕಳನ್ನು ಆಡಿಸುವವರು. ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ ಎನ್ನುವುದು ಮುಂದಿನ ಐದಾರು ವರ್ಷವನ್ನು ತೀರ್ಮಾನಿಸುತ್ತದೆ. ಪಾತ್ರೆ ತೊಳೆಯುವಲ್ಲಿಗೆ ಸೇರಿದವನು ಬಡಿಸುವ ಕಡೆಗೆ ದಾಟಲು ಒಂದೆರಡು ಕಾಂಟ್ರಾಕ್ಟ್ ಕಾಯಬೇಕಾಗಿ ಬರುತ್ತದೆ. ಆದ್ದರಿಂದ 'ಮೊದಲು ಹತ್ತಿಬಿಡು, ಆಮೇಲೆ ನೋಡಿಕೊಂಡರಾಯಿತು' ಎನ್ನುವವರ ಮಾತಿಗೆ ತಲೆಯಾಡಿಸಬೇಡಿ.

ಮುಂಬಯಿ, ಗೋವಾ, ಬೆಂಗಳೂರುಗಳ ದೊಡ್ಡ ಹೋಟೆಲಿನಲ್ಲಿ ಒಂದೆರಡು ವರ್ಷ ದುಡಿದವನಿಗೆ ಮೇಲಿನ ಬಾಗಿಲು ತೆರೆಯುತ್ತದೆ. ಇಲ್ಲಿ ನಮ್ಮವರಿಗೆ ಒಂದು ವಿಚಿತ್ರ ಕಷ್ಟ ಎದುರಾಗುತ್ತದೆ. ಆರು ವರ್ಷ ಸಂಬಂಧಿಕರ ದರ್ಶಿನಿಯಲ್ಲಿ ದೋಸೆ ಹುಯ್ದ ಹುಡುಗನ ಕೈಚಳಕವನ್ನು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವನು ಮುಟ್ಟಲಾರ. ಆದರೆ ಅವನ ಹತ್ತಿರ ಕಾಗದವೇ ಇಲ್ಲ. ಸಂಬಳ ಕೈಗೆ ಬಂದದ್ದು ನಗದು, ಊಟ-ವಸತಿ ಮನೆಯಂತೆ, ಬಿಟ್ಟು ಬಂದದ್ದು ಒಂದು ಮಾತಿನಲ್ಲಿ. ಸಂದರ್ಶನದ ಮೇಜಿನ ಆಚೆ ಕೂತವರಿಗೆ ಆ ಆರು ವರ್ಷ ಕಾಣುವುದೇ ಇಲ್ಲ. ಈಗ ಕೆಲಸದಲ್ಲಿರುವವರು ಇಂದೇ ಮಾಡಬಹುದಾದ ಸಣ್ಣ ಕೆಲಸವೆಂದರೆ ಸಂಬಳವನ್ನು ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳುವುದು, ಪಿ.ಎಫ್. ಕೇಳುವುದು, ಬಿಡುವಾಗ ಲೆಟರ್‌ಹೆಡ್ಡಿನಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಏನು ಕೆಲಸ ಎಂದು ಬರೆಸಿಕೊಳ್ಳುವುದು. 'ಮಾವನ ಹತ್ರ ಸರ್ಟಿಫಿಕೇಟ್ ಕೇಂಬುದಾ?' ಎಂದು ಸಂಕೋಚಪಡುವವರೇ ಜಾಸ್ತಿ. ಕೇಳಿ, ಮಾವ ಬೈದರೆ ಬೈಯಲಿ.

ಇನ್ನು ಹಡಗಿಗೇ ಬೇಕಾದ ಕಾಗದಗಳು. ಪಾಸ್‌ಪೋರ್ಟ್ ಆದಮೇಲೆ ಬೇಕಾದದ್ದು ಎಸ್‌ಟಿಸಿಡಬ್ಲ್ಯು ಎಂಬ ಅಂತಾರಾಷ್ಟ್ರೀಯ ಒಪ್ಪಂದದಂತೆ ಕೊಡುವ ಸುರಕ್ಷತಾ ತರಬೇತಿ. ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಹಡಗು ಬಿಟ್ಟು ಬದುಕುವುದು, ಜತೆಯವರ ಹೊಣೆ, ಭದ್ರತೆ. ಪ್ರಯಾಣಿಕ ಹಡಗಾದ್ದರಿಂದ ಗುಂಪು ನಿಭಾಯಿಸುವ ಪಾಠವೂ ಸೇರುತ್ತದೆ. ಲೈಫ್ ಜಾಕೆಟ್ ಕಟ್ಟಿಕೊಂಡು ಕೊಳಕ್ಕೆ ಹಾರಿ, ಮಗುಚಿದ ರಬ್ಬರಿನ ತೆಪ್ಪವನ್ನು ನೀರಲ್ಲೇ ತಿರುಗಿಸಿ ನೆಟ್ಟಗೆ ಮಾಡಬೇಕು. ಹೊಳೆಯಲ್ಲಿ ಈಜಿ ಬೆಳೆದ ಬಸ್ರೂರಿನವರಿಗೆ ಇದು ಆಟ. ಮುಂಬಯಿ, ಗೋವಾ, ಕೊಚ್ಚಿ, ಚೆನ್ನೈಗಳಲ್ಲಿ ಇದಕ್ಕೆ ಮಾನ್ಯತೆ ಪಡೆದ ಸಂಸ್ಥೆಗಳಿವೆ. ಮಾನ್ಯತೆ ಕೊಡುವುದು ಮುಂಬಯಿಯಲ್ಲಿರುವ ಕೇಂದ್ರ ಸರಕಾರದ ಡಿ.ಜಿ. ಶಿಪ್ಪಿಂಗ್. ಅವರ ಪಟ್ಟಿಯಲ್ಲಿ ಇಲ್ಲದ ಸಂಸ್ಥೆಯ ಸರ್ಟಿಫಿಕೇಟ್ ಗೋಡೆಗೆ ನೇತುಹಾಕಲು ಚೆನ್ನ. ಇದರ ಜತೆ ನಾವಿಕರಿಗೆ ಕೊಡುವ ಇಂಡೋಸ್ ನಂಬರು, ಮಾನ್ಯ ವೈದ್ಯರ ತಪಾಸಣೆ, ಕೊನೆಗೆ ಸಿ.ಡಿ.ಸಿ. ಎಂಬ ನಾವಿಕನ ಪುಸ್ತಕ. ಯಾವ ಹಡಗು ಯಾವತ್ತು ಹತ್ತಿದ, ಯಾವತ್ತು ಇಳಿದ ಎಂಬುದೆಲ್ಲ ಅದರಲ್ಲಿ ದಾಖಲು. ಅಮೆರಿಕದ ಬಂದರಿಗೆ ಹೋಗುವ ಹಡಗಾದರೆ ಸಿ-1/ಡಿ ಎಂಬ ವೀಸಾ. ಅದಕ್ಕೆ ಕಂಪೆನಿಯ ಪತ್ರ ಬೇಕಾದ್ದರಿಂದ ಕೆಲಸ ಸಿಕ್ಕ ಮೇಲಿನ ಮಾತು.

ತರಬೇತಿ, ತಪಾಸಣೆ, ಪಾಸ್‌ಪೋರ್ಟ್, ಸಿ.ಡಿ.ಸಿ. ಇವಿಷ್ಟರ ಖರ್ಚು ನಮ್ಮದು. ಅಲ್ಲಿಗೆ ಮುಗಿಯಿತು. ಕೆಲಸ ಕೊಡಿಸಿದ್ದಕ್ಕೆ ಎಂದು ಯಾರೂ ಒಂದು ರೂಪಾಯಿ ಕೇಳುವಂತಿಲ್ಲ. ಇದು ನನ್ನ ಬೋಧನೆಯಲ್ಲ. 2006ರಲ್ಲಿ ರೂಪಿಸಿ 2013ರಲ್ಲಿ ಜಾರಿಗೆ ಬಂದ, 2015ರಲ್ಲಿ ಭಾರತವೂ ಒಪ್ಪಿಕೊಂಡ ನಾವಿಕ ಕಾರ್ಮಿಕರ ಒಪ್ಪಂದದಲ್ಲಿ ಸ್ಪಷ್ಟವಾಗಿದೆ. ವೀಸಾದ ಖರ್ಚು ಹಡಗಿನ ಒಡೆಯನದು. ಕಾಂಟ್ರಾಕ್ಟ್ ಮುಗಿದ ಮೇಲೆ ಮನೆಗೆ ಕಳಿಸುವ ಖರ್ಚೂ ಅವನದೇ. ಭಾರತದಲ್ಲಿ ಹಡಗಿಗೆ ಜನ ಕಳಿಸುವ ಸಂಸ್ಥೆಗೆ ಆರ್‌ಪಿಎಸ್‌ಎಲ್ ಎಂಬ ಪರವಾನಗಿ ಇರಬೇಕು. ಅದರ ನಂಬರು, ಅವಧಿ ಎಲ್ಲವನ್ನೂ ಡಿ.ಜಿ. ಶಿಪ್ಪಿಂಗ್ ಜಾಲತಾಣದಲ್ಲಿ ಮನೆಯಲ್ಲಿ ಕೂತೇ ನೋಡಬಹುದು.

ಆದರೂ ಕೊಡುತ್ತಾರೆ. ನನ್ನ ಪರಿಚಯದ ಮನೆಯೊಂದರವರು ಅಡಿಕೆ ಮಾರಿದ ದುಡ್ಡಿಗೆ ಸೊಸೈಟಿ ಸಾಲ ಸೇರಿಸಿ ಎರಡು ಲಕ್ಷ ಕೊಟ್ಟರು. ದೂರದ ಊರಿನ ಹವಾನಿಯಂತ್ರಿತ ಆಫೀಸು, ಗೋಡೆಯ ತುಂಬ ಹಡಗಿನ ಚಿತ್ರ. ಬಂದ ಆಫರ್ ಲೆಟರಿನಲ್ಲಿ ಪ್ರಸಿದ್ಧ ಕಂಪೆನಿಯ ಲಾಂಛನ ಇತ್ತು. ಕಳಿಸಿದ ಇಮೇಲ್ ವಿಳಾಸ ಮಾತ್ರ ನಾವು ನೀವು ಪುಕ್ಕಟೆ ತೆರೆಯುವಂಥದ್ದು. ಹುಡುಗ ಮುಂಬಯಿಗೆ ಹೋಗಿ ಹದಿನೈದು ದಿನ ಲಾಡ್ಜಿನಲ್ಲಿ ಕಾದು ಬಂದ. ಯಾಕೆ ಕೊಟ್ಟಿರಿ ಎಂದು ತಂದೆಯನ್ನು ಕೇಳಿದರೆ ಅವರೆಂದದ್ದು: "ದುಡ್ಡ್ ಕೇಣದಿದ್ರೆ ನಾವ್ ನಂಬ್ತಿದ್ದಿಲ್ಲ ಮಾರಾಯ್ರೆ." ಆ ಮಾತನ್ನು ನಾನು ಮರೆತಿಲ್ಲ. ಪುಕ್ಕಟೆ ಸಿಗುವ ಕೆಲಸ ನಿಜವಿರಲಾರದು ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಮೋಸಗಾರನ ಅರ್ಧ ಕೆಲಸವನ್ನು ಅದೇ ಮಾಡಿಕೊಡುತ್ತದೆ.

ಗೋವೆಯವರು ಈ ವಿಷಯದಲ್ಲಿ ನಮಗಿಂತ ಜಾಣರು. ಅಲ್ಲಿ ಹಡಗಿಗೆ ಹೋಗುವವನಿಗೆ ಕೊಂಕಣಿಯಲ್ಲಿ 'ತಾರ್ವಟಿ' ಎಂಬ ಹಳೆಯ ಹೆಸರೇ ಇದೆ. ಅಪ್ಪ, ಚಿಕ್ಕಪ್ಪ, ಪಕ್ಕದ ಮನೆಯವನು ಎಲ್ಲರೂ ಹೋಗಿ ಬಂದವರಾದ್ದರಿಂದ ಯಾವ ಆಫೀಸು ಅಸಲಿ, ಯಾವುದು ನಕಲಿ ಎನ್ನುವುದು ಅಂಗಡಿ ಜಗಲಿಯ ಮಾತಿನಲ್ಲೇ ತಿಳಿಯುತ್ತದೆ. ನಮ್ಮ ಹೋಟೆಲು ದಾರಿಯಲ್ಲಿ ಭಾವ ಮಾಡಿದ ಕೆಲಸವೇ ಅದು. ಹಾಗಾಗಿ ಬಸ್ರೂರು, ಕಂಡ್ಲೂರು, ಗಂಗೊಳ್ಳಿ ಕಡೆಯ ಹುಡುಗರಿಗೆ ನಾನು ಹೇಳುವುದು ಒಂದೇ: ಏಜೆಂಟನ ಕುರ್ಚಿಯ ಎದುರು ಕೂರುವ ಮೊದಲು, ರಜೆಗೆ ಬಂದ ಹಡಗಿನವನನ್ನು ಹುಡುಕಿ. ಅವನ ಸಂಬಳ ಕೇಳಬೇಡಿ, ಸುಳ್ಳು ಹೇಳುತ್ತಾನೆ. ಎಷ್ಟು ಗಂಟೆ ನಿದ್ದೆ ಮಾಡುತ್ತಿದ್ದೆ ಎಂದು ಕೇಳಿ.

ಮದುವೆಮನೆಯ ಹುಡುಗನನ್ನು ನಾನು ಅದನ್ನೇ ಕೇಳಿದೆ. ಆರು ಗಂಟೆ ಸಿಕ್ಕರೆ ಪುಣ್ಯ ಎಂದ. ಬೆಳಗ್ಗೆ ತಿಂಡಿಗೆ ಒಮ್ಮೆ, ಮಧ್ಯಾಹ್ನಕ್ಕೆ ಒಮ್ಮೆ, ರಾತ್ರಿ ಊಟಕ್ಕೆ ಎರಡು ಹಂತಿ. ನಡುನಡುವೆ ಬಿಡುವು, ಆದರೆ ಅದು ಚೂರುಚೂರು. ವಾರದ ರಜೆ ಎಂಬುದಿಲ್ಲ; ಸೇರಿದ ದಿನದಿಂದ ಇಳಿಯುವ ದಿನದವರೆಗೆ, ಆರರಿಂದ ಒಂಬತ್ತು ತಿಂಗಳು, ದಿನವೂ ಕೆಲಸ. ನಾವಿಕ ಕಾರ್ಮಿಕರ ಒಪ್ಪಂದದ ಪ್ರಕಾರ ದಿನಕ್ಕೆ ಹತ್ತು ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಟ್ಟರೆ ಸಾಕು. ಲೆಕ್ಕ ಹಾಕಿ ನೋಡಿ: ವಾರದಲ್ಲಿ 168 ಗಂಟೆ, 77 ಕಳೆದರೆ 91. ಅಷ್ಟು ದುಡಿಸಿಕೊಂಡರೂ ಆ ನಿಯಮ ಮುರಿದಂತಾಗುವುದಿಲ್ಲ. ಸಿಬ್ಬಂದಿಯ ಕೋಣೆ ಕೆಳಗಿನ ಅಂತಸ್ತುಗಳಲ್ಲಿ, ಸಾಮಾನ್ಯವಾಗಿ ಇಬ್ಬರಿಗೊಂದು, ಒಂದರ ಮೇಲೊಂದು ಮಂಚ, ಕಿಟಕಿಯಿಲ್ಲ. ಹಡಗಿನ ಉದ್ದಕ್ಕೂ ಹೋಗುವ ಸಿಬ್ಬಂದಿಯ ಓಣಿಗೆ ಅಮೆರಿಕದ ಹೆದ್ದಾರಿಯ ಹೆಸರು, 'ಐ-95'. ಹಗಲೋ ರಾತ್ರಿಯೋ ತಿಳಿಯದೆ ಆ ಓಣಿಯಲ್ಲಿ ಓಡಾಡಿಕೊಂಡು, ಸಮುದ್ರ ನೋಡದೆಯೇ ನಾಲ್ಕು ದಿನ ಕಳೆದದ್ದುಂಟು ಎಂದ. ಸಮುದ್ರದ ಮೇಲೆ ಕೂತು ಸಮುದ್ರ ಕಾಣದ ಬದುಕು ಕೋಡಿಯ ಮೀನುಗಾರನಿಗೆ ಅರ್ಥವಾಗಲಿಕ್ಕಿಲ್ಲ.

ಅವನಿಗೆ ಅತಿ ಹೆದರಿಕೆ ಅಲೆಯದ್ದಲ್ಲ, ತಪಾಸಣೆಯದ್ದಂತೆ. ಸಿ.ಡಿ.ಸಿ. ಎಂಬ ಮೂರಕ್ಷರ ಹಡಗಿನವರಿಗೆ ಎರಡು. ಒಂದು ಕಿಸೆಯ ಪುಸ್ತಕ. ಇನ್ನೊಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ. ಅದರವರು ಮುಂಚಿತವಾಗಿ ಹೇಳದೆ ಹಡಗು ಹತ್ತಿ ಅಡುಗೆಮನೆಯನ್ನು ಜಾಲಾಡುತ್ತಾರೆ. ನೂರಕ್ಕೆ 85 ಅಥವಾ ಕಡಿಮೆ ಬಂದರೆ ನಪಾಸು, ಅಂಕ ಜಗಜ್ಜಾಹೀರು. ಫ್ರಿಜ್ಜಿನ ಉಷ್ಣತೆ, ಲೋಟ ತೊಳೆದ ನೀರಿನ ಬಿಸಿ, ಬಟ್ಟೆ ಅದ್ದುವ ಬಕೆಟ್ಟಿನ ಬಣ್ಣ, ಎಲ್ಲಕ್ಕೂ ಅಂಕ. ಇದನ್ನು ಕೇಳುವಾಗ ನನಗೆ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರು ನೆನಪಾದರು. 1951ರಲ್ಲಿ ಅವರು ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಚೊಕ್ಕಟತನ ನೋಡಿ ಬಂದು, ತಟ್ಟೆ-ಲೋಟಗಳನ್ನು ಹಬೆಯಲ್ಲಿ ಶುದ್ಧಮಾಡುವ ಕ್ರಮವನ್ನು ಎಂಟಿಆರ್‌ನಲ್ಲಿ ತಂದವರು. ಆ ಪಾಠ ಕಲಿಯಲು ಅವರು ಸಮುದ್ರ ದಾಟಿದರು. ಈಗಿನ ಮಾಣಿ ಸಮುದ್ರದ ಮೇಲೆಯೇ ಕಲಿಯುತ್ತಿದ್ದಾನೆ.

ಅಪಾಯದ ಮಾತು ತೆಗೆದರೆ ಮನೆಯವರು 'ಅಪಶಕುನ' ಎನ್ನುತ್ತಾರೆ, ಆದರೂ ಹೇಳಬೇಕು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ 'ಕೋಸ್ಟಾ ಕಾಂಕಾರ್ಡಿಯಾ' ಬಂಡೆಗೆ ಬಡಿದು ಮಗುಚಿ 32 ಮಂದಿ ಸತ್ತರು. ಅವರಲ್ಲಿ ಕೊನೆಗೆ ಸಿಕ್ಕ ದೇಹ ಮುಂಬಯಿ ಕಡೆಯ ವೇಟರ್ ರಸೆಲ್ ರೆಬೆಲ್ಲೊ ಅವರದು. ಸಿಕ್ಕದ್ದು 2014ರ ನವೆಂಬರಿನಲ್ಲಿ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ 'ಡೈಮಂಡ್ ಪ್ರಿನ್ಸೆಸ್' ಹಡಗನ್ನು 3,711 ಜನರ ಸಮೇತ ಕೊರೊನಾ ದಿಗ್ಬಂಧನದಲ್ಲಿ ಇಟ್ಟಾಗ ಪ್ರಯಾಣಿಕರು ಕೋಣೆಯ ಬಾಗಿಲು ಹಾಕಿಕೊಂಡರು. ಬಾಗಿಲಿಗೆ ಊಟ ತಂದಿಡುತ್ತಿದ್ದವರು ಸಿಬ್ಬಂದಿ. ಆ ಸಿಬ್ಬಂದಿಯಲ್ಲಿ ಭಾರತೀಯರು 132 ಮಂದಿ. ಸೋಂಕು ತಗಲದ 119 ಭಾರತೀಯರನ್ನು ತಿಂಗಳ ಕೊನೆಗೆ ಏರ್ ಇಂಡಿಯಾ ವಿಮಾನ ದೆಹಲಿಗೆ ತಂದಿತು. ಆಮೇಲೆ ಬಂದ ವರ್ಷವಿಡೀ ಹಡಗುಗಳು ಲಂಗರು ಹಾಕಿ ನಿಂತವು, ಊರಿಗೆ ಬಂದ ಹುಡುಗರು ಗದ್ದೆಗೆ ಇಳಿದರು, ಕೆಲವರು ಮೀನಿನ ಬೋಟಿಗೆ ಹೋದರು. ಹಡಗಿನ ನೌಕರಿಗೆ ಪಿಂಚಣಿಯಿಲ್ಲ, ಕಾಂಟ್ರಾಕ್ಟಿನ ನಡುವಿನ ರಜೆಗೆ ಸಂಬಳವೂ ಹೆಚ್ಚಾಗಿ ಇರುವುದಿಲ್ಲ ಎಂಬುದು ಆಗ ಎಲ್ಲರಿಗೂ ನೆನಪಾಯಿತು.

ಸಂಬಳದ ವಿಷಯಕ್ಕೆ ಬಂದರೆ, ಅಂತಾರಾಷ್ಟ್ರೀಯವಾಗಿ ಒಪ್ಪಿದ ಒಂದು ಅಳತೆಗೋಲು ಇದೆ: ಪಳಗಿದ ಡೆಕ್ ನಾವಿಕನ ಕನಿಷ್ಠ ಮೂಲವೇತನ 2025ರಲ್ಲಿ ತಿಂಗಳಿಗೆ 673 ಡಾಲರ್ ಇತ್ತು. ಕ್ರೂಸಿನ ಹೋಟೆಲು ವಿಭಾಗದ ಲೆಕ್ಕ ಬೇರೆ, ಟಿಪ್ಸಿನ ಮೇಲೆ ನಿಂತದ್ದು. ಆದರೂ ಯಾರಾದರೂ ಹೊಸಬನಿಗೆ ಮೂರು ಸಾವಿರ ಡಾಲರಿನ ಆಸೆ ತೋರಿಸಿದರೆ ಈ 673ನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಖರ್ಚಿಲ್ಲ ಎಂಬುದು ನಿಜ. ಊಟ, ವಸತಿ ಹಡಗಿನದೇ. ಹಣಕಾಸು ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಭಾರತದಲ್ಲಿದ್ದರೆ ತೆರಿಗೆಯ ಲೆಕ್ಕದಲ್ಲಿ ಅನಿವಾಸಿ. ಅದಕ್ಕೇ ಹಡಗಿನವರು ರಜೆಯ ದಿನಗಳನ್ನು ಬೆರಳು ಮಡಚಿ ಎಣಿಸುವುದು. ಒಂದೆರಡು ದಿನ ಹೆಚ್ಚಾಗಿ ವರ್ಷದ ಲೆಕ್ಕವೇ ಕೆಟ್ಟವರಿದ್ದಾರೆ.

ಇಷ್ಟು ಹೇಳಿ, ಹೋಗದೆಯೂ ಹಡಗಿನ ಕೆಲಸವಿದೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಮಲ್ಪೆಯ ಹಳೆಯ ಟೆಬ್ಮಾ ಶಿಪ್‌ಯಾರ್ಡನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡಿತು. ಈಗ ಅದರ ಹೆಸರು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. ಮಲ್ಪೆಯಲ್ಲೂ ಬ್ರಹ್ಮಾವರ ತಾಲೂಕಿನ ಹಂಗಾರಕಟ್ಟೆಯಲ್ಲೂ ಅದರ ಕೆಲಸ ನಡೆಯುತ್ತದೆ. ಟಗ್‌ಗಳು, ನಾರ್ವೆಯ ಕಂಪೆನಿಗೆ ಸರಕು ಹಡಗುಗಳು ಇಲ್ಲಿ ತಯಾರು. ಐಟಿಐ ಮುಗಿಸಿದ ವೆಲ್ಡರು, ಫಿಟ್ಟರು, ಎಲೆಕ್ಟ್ರಿಷಿಯನ್ನರು ಬೆಳಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಮನೆಗೆ ಬರಬಹುದಾದ ದೂರ. ಚಪ್ಪರದಲ್ಲಿ ಇದನ್ನು ಹೇಳಿದಾಗ ಹುಡುಗರು ಸುಮ್ಮನೆ ತಲೆಯಾಡಿಸಿದರು. ಹಂಗಾರಕಟ್ಟೆಯಲ್ಲಿ ನಿಂತು ತೆಗೆಸಿದ ಫೋಟೊಕ್ಕೆ ಮಯಾಮಿಯ ಬೆಲೆ ಇಲ್ಲವಲ್ಲ.

ಮದುವೆಯ ಮೂರನೇ ದಿನ ಅವನನ್ನು ಮತ್ತೆ ಕಂಡದ್ದು ಮೂಡ್ಲಕಟ್ಟೆಯಲ್ಲಿ. ಕುಂದಾಪುರದ ರೈಲು ನಿಲ್ದಾಣವಿರುವುದು ಅಲ್ಲಿಯೇ, ಬಸ್ರೂರಿನ ದಾರಿಯಲ್ಲಿ. ಮುಂಬಯಿಗೆ ಹೋಗುವ ಮತ್ಸ್ಯಗಂಧಕ್ಕೆ ಕಾಯುತ್ತಿದ್ದ. ದೊಡ್ಡ ಪೆಟ್ಟಿಗೆ ಪಕ್ಕದಲ್ಲಿತ್ತು. ತಾಯಿ ಅದರೊಳಗಿಟ್ಟ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು, ಹಲಸಿನ ಹಪ್ಪಳದ ಕಟ್ಟನ್ನು ಅವನು ಒಂದೊಂದಾಗಿ ಹೊರತೆಗೆದು ಅವರ ಕೈಚೀಲಕ್ಕೆ ವಾಪಸು ಹಾಕುತ್ತಿದ್ದ. ಅಮೆರಿಕದಲ್ಲಿ ಇಳಿಯುವಾಗ ಬಿಡುವುದಿಲ್ಲ ಎಂದು ವಿವರಿಸುತ್ತಿದ್ದ. ಒಂದು ನೀಲಿ ಫೈಲು ಮಾತ್ರ ತೊಡೆಯ ಮೇಲಿತ್ತು.

"ಇನ್ ಯಾವತ್ ಬಪ್ಪುದ್?" ತಾಯಿ ಕೇಳಿದರು, ಉತ್ತರ ಗೊತ್ತಿದ್ದೂ.

ಅವನು ಬೆರಳು ಮಡಚಿದ. ಕೋಟೇಶ್ವರದ ಕೊಡಿ ಹಬ್ಬ ಈ ಸಲವೂ ತಪ್ಪುತ್ತದೆ ಎಂದ. ರೈಲು ಬಂತು. ಪೆಟ್ಟಿಗೆಯನ್ನು ನಾನು ಎತ್ತಿಕೊಟ್ಟೆ, ಫೈಲಿಗೆ ಕೈ ಚಾಚಿದರೆ ಕೊಡಲಿಲ್ಲ.

"ಪೆಟ್ಗಿ ಹೋದ್ರೆ ಹೋಯ್ಲಿ ಮಾಷ್ಟ್ರೆ, ಇದ್ ಹೋಪುಕಾಗ" ಎಂದು ಎದೆಗೆ ಅವುಚಿಕೊಂಡು ಹತ್ತಿದ.